ಶೆಡ್ಡು ಖಾಲಿಯಾದ ಮೇಲೆ

ಸುರಪುರ
15 ಜೂನ್ 2025

ಅಣ್ಣನಿಗೆ ಕಲಾವತಿಯ ನಮಸ್ಕಾರ.

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧವೂ ನಿನಗೆ ಕೇಳಿಸಲಿಲ್ಲ ಎಂದು ಗೊತ್ತು. ಕಿವಿ ಮಂದವಾದಾಗಿನಿಂದ ನೀನು "ಹಾಂ, ಹಾಂ, ಸರಿ" ಅಂದು ಫೋನನ್ನು ಸೊಸೆ ಮಧುರಾಳ ಕೈಗೆ ಕೊಟ್ಟುಬಿಡುತ್ತೀಯ. ಅವಳಿಗೆ ಆಫೀಸಿನ ಅವಸರ. ಅದಕ್ಕೇ ಕಾಗದ. ಓದಿಯಾದರೂ ಉತ್ತರ ಬರೆ.

ವಿಷಯ ಇಷ್ಟು. ನಾನು ಹೆಡ್‌ಮಿಸ್ಟ್ರೆಸ್ ಆಗಿರುವ ಶಾಲೆಯ ಊರಿನಿಂದ ಕಾಂತಪ್ಪ, ಭೀಮಾಬಾಯಿ ಎಂಬ ಗಂಡಹೆಂಡತಿ ಚೆನ್ನೈಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಅವರು ಕಳಿಸಿದ ಫೋಟೋದಲ್ಲಿ ಹಿಂದೆ ನಿಮ್ಮ ಅಪಾರ್ಟ್‌ಮೆಂಟಿನ ಹೆಸರು ಕಾಣುತ್ತದೆ! ಅಂದರೆ ನಿನ್ನ ಬಾಲ್ಕನಿಯ ಕೆಳಗೇ ಇದ್ದಾರೆ. ಮಗಳು ನಿಂಗಮ್ಮ ನಮ್ಮಲ್ಲಿ ಐದನೆಯ ತರಗತಿ ಮುಗಿಸಿದವಳು. ಬಾಯಿ ಒಂದು ನಿಮಿಷ ಸುಮ್ಮನಿರದ ಹುಡುಗಿ, ಲೆಕ್ಕದಲ್ಲಿ ಚುರುಕು. ತಮ್ಮ ಮಾನಪ್ಪನಿಗೆ ಮೂರು ವರ್ಷ. ಅವಳನ್ನು ಅಲ್ಲಿ ಯಾವುದಾದರೂ ಕಾರ್ಪೊರೇಷನ್ ಶಾಲೆಗೆ ಸೇರಿಸಲು ಆಗುತ್ತದೆಯೇ ನೋಡು. ಅವರಿಗೆ ತಮಿಳು ಬಾರದು. ನೀನು ಹೋಗಿ ಕನ್ನಡದಲ್ಲಿ ಎರಡು ಮಾತಾಡಿದರೆ ಅದೇ ದೊಡ್ಡ ಉಪಕಾರ.

ಮೊಮ್ಮಗಳು ಚಿನ್ಮಯಿ ಒಂದನೆಯ ತರಗತಿಗೆ ಹೋಗುತ್ತಿದ್ದಾಳಂತೆ. ಅವಳಿಗೊಂದು ಮುತ್ತು.

ಕಲಾವತಿ


ಗಿಂಡಿ, ಚೆನ್ನೈ
27 ಜೂನ್ 2025

ಕಲಾ,

ನಿನ್ನ ಕಾಗದ ಬಂದು ನಾಲ್ಕಾರು ದಿನವಾಯಿತು. ಇಲ್ಲಿ ನನ್ನನ್ನು ಅಸೋಸಿಯೇಷನ್ ಸೆಕ್ರೆಟರಿ ಮಾಡಿಬಿಟ್ಟಿದ್ದಾರೆ. ಲಿಫ್ಟ್ ಕೆಟ್ಟರೂ ನಾನು, ನೀರಿನ ಲಾರಿ ಬಾರದಿದ್ದರೂ ನಾನು. ಇನ್ಶೂರೆನ್ಸಿನಲ್ಲಿದ್ದಾಗಲೂ ಇಷ್ಟು ಜನ ನನ್ನ ಬಾಗಿಲು ತಟ್ಟಿರಲಿಲ್ಲ.

ನೀನು ಹೇಳಿದ ಕಟ್ಟಡ ನಮ್ಮ ಕಾಂಪೌಂಡ್ ಗೋಡೆಗೆ ಅಂಟಿಕೊಂಡೇ ಏಳುತ್ತಿದೆ. ಮೈಲಾಪೂರಿನ ಹಳೆಯ ಫ್ಲಾಟ್ ಬಿಟ್ಟು ಇಲ್ಲಿಗೆ ಬಂದಾಗ ಈ ಕಡೆ ಖಾಲಿ ಜಾಗವಿತ್ತು, ಗಾಳಿ ಬರುತ್ತಿತ್ತು. ಈಗ ಧೂಳು. ಗೋಡೆಯ ಬುಡದಲ್ಲಿ ತಗಡಿನ ಶೆಡ್ಡುಗಳು ಸಾಲಾಗಿವೆ. ಒಡಿಶಾದವರು, ತೆಲುಗಿನವರು, ನಮ್ಮ ಕಡೆಯವರೂ ಇದ್ದಾರೆ ಎಂದು ವಾಚ್‌ಮನ್ ಹೇಳಿದ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ವಿಚಾರಿಸುತ್ತೇನೆ.

ಕಾರ್ಪೊರೇಷನ್ ನರ್ಸಮ್ಮ ಒಬ್ಬರು, ತಮಿಳರಸಿ ಅಂತ, ಬಂದಿದ್ದರು. ಶೆಡ್ಡಿನ ಮಕ್ಕಳಿಗೆ ಲಸಿಕೆ ಹಾಕಲು ನಮ್ಮ ಅಪಾರ್ಟ್‌ಮೆಂಟಿನ ಹಾಲ್ ಬೇಕಂತೆ. ಮಳೆ ಬಂದರೆ ಅಲ್ಲಿ ನಿಲ್ಲಲೂ ಜಾಗವಿಲ್ಲವಂತೆ. ಕಮಿಟಿ ಒಪ್ಪಲಿಲ್ಲ. ಹಾಲಿನಲ್ಲಿ ಹೊಸ ಮಾರ್ಬಲ್ ಹಾಕಿಸಿದ್ದೇವೆ, ಜನಕ್ಕೆ ಅದೂ ಇದೂ ಯೋಚನೆ.

ಒಂದು ತಮಾಷೆ ಕೇಳು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರ ಕೊಡುವ ನಮ್ಮ ಚಿನ್ಮಯಿ, ಮೊನ್ನೆ ಊಟಕ್ಕೆ ಕರೆದರೆ "ನಾ ಒಲ್ಲೆ, ಹೊಟ್ಟಿ ತುಂಬ್ಯಾದ" ಅಂದಳು! ಮಧುರಾ ಬಿದ್ದು ಬಿದ್ದು ನಕ್ಕಳು. ಫೋನಿನಲ್ಲಿ ನೀನೇ ಕಲಿಸಿದೆಯಾ? ಕಲಿಸುವುದಾದರೆ ಸ್ವಲ್ಪ ಒಳ್ಳೆಯ ಕನ್ನಡ ಕಲಿಸಮ್ಮ.

ನಿನ್ನ ಅಣ್ಣ
ರಾಮದಾಸ


ಸುರಪುರ
5 ಜುಲೈ 2025

ಅಣ್ಣ,

ನಿನ್ನ ಕಾಗದ ಓದಿ ನಾನೂ ನಕ್ಕೆ. ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ನನ್ನ ನಾಲಿಗೆಯಲ್ಲಿ ಇನ್ನೂ ನಾವು ಬೆಳೆದ ಮೈಲಾಪೂರೇ ಇದೆ. "ಹೊಟ್ಟಿ ತುಂಬ್ಯಾದ" ನನ್ನಿಂದ ಬಂದದ್ದಲ್ಲ. ಅದು ನಿಂಗಮ್ಮನ ಮಾತು. ನೀನು ಹೋಗಿ ವಿಚಾರಿಸುವ ಮೊದಲೇ ನಿನ್ನ ಮೊಮ್ಮಗಳು ಹೋಗಿ ಗೆಳೆತನ ಮಾಡಿಕೊಂಡು ಬಂದಿದ್ದಾಳೆ. ಗೋಡೆಯಲ್ಲಿ ಎಲ್ಲೋ ಸಂದು ಇರಬೇಕು, ನೋಡು. ಬೈಯಬೇಡ. ಅದಕ್ಕಿಂತ ಒಳ್ಳೆಯ ಕನ್ನಡ ಅವಳಿಗೆ ಎಲ್ಲಿ ಸಿಗುತ್ತದೆ?

ಆದರೆ ಹಾಲ್ ಕೊಡಲಿಲ್ಲವೆಂಬ ಮಾತು ನನಗೆ ಹಿಡಿಸಲಿಲ್ಲ. ಸೆಕ್ರೆಟರಿ ನೀನೇ ಅಲ್ಲವೇ? ಭೀಮಾಬಾಯಿಯ ಮಕ್ಕಳಿಗೆ ಲಸಿಕೆ ಪೂರ್ತಿ ಆಗಿಲ್ಲ. ನಿಂಗಮ್ಮ ಕೂಸಾಗಿದ್ದಾಗ ಅವರು ಗೋವಾದಲ್ಲಿದ್ದರು, ಮಾನಪ್ಪ ಹುಟ್ಟಿದ್ದು ಬೆಂಗಳೂರಿನ ಒಂದು ಶೆಡ್ಡಿನಲ್ಲಿ. ಒಂದೂರಿನಲ್ಲಿ ಒಂದು ಸೂಜಿ ಆದರೆ ಮುಂದಿನ ಸೂಜಿಯ ಹೊತ್ತಿಗೆ ಇನ್ನೊಂದೂರು. ನಿಮ್ಮ ನರ್ಸಮ್ಮ ತಾನಾಗಿ ಹುಡುಕಿಕೊಂಡು ಬಂದಿದ್ದಾರೆ. ಅಂಥ ಅವಕಾಶ ಈ ಮಕ್ಕಳಿಗೆ ಮತ್ತೆ ಯಾವಾಗ ಬರುತ್ತದೋ.

ಹೆದರಿಸಬೇಕೆಂದು ಹೇಳುತ್ತಿಲ್ಲ. ಕಳೆದ ಚಳಿಗಾಲದಲ್ಲಿ ಇಲ್ಲಿ ಕಾಲುವೆಯ ಆಚೆಯ ತಾಂಡಾದಲ್ಲಿ ಗಂಟಲುಮಾರಿ ಬಂದಿತ್ತು. ಡಾಕ್ಟರು ಡಿಫ್ತೀರಿಯಾ ಅಂದರು. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿ ಉಸಿರನ್ನೇ ಮುಚ್ಚುವ ರೋಗ. ನಮ್ಮ ಅಜ್ಜಿ ಹೆಸರೆತ್ತಿದರೆ ನಡುಗುತ್ತಿದ್ದಳಲ್ಲ, ಅದೇ. ಹೋಯಿತು ಅಂದುಕೊಂಡಿದ್ದೆವು. ಅದು ಹೋಗಿರಲಿಲ್ಲ, ಲಸಿಕೆ ತಪ್ಪಿದ ಮಕ್ಕಳಿಗಾಗಿ ಕಾದಿತ್ತು. ಇಬ್ಬರು ಮಕ್ಕಳು ಹೋದರು. ಆಮೇಲೆ ಆರೋಗ್ಯ ಇಲಾಖೆಯವರು ಒಂದು ಮನೆಯನ್ನೂ ಬಿಡದೆ ತಿರುಗಿ ಲಸಿಕೆ ಹಾಕಿದರು, ಅಲ್ಲಿಗೆ ನಿಂತಿತು.

ಹಾಲ್ ಕೊಡು ಅಣ್ಣ. ಮಾರ್ಬಲ್ ಒರೆಸಿದರೆ ಹೋಗುತ್ತದೆ.

ಕಲಾವತಿ


ಗಿಂಡಿ
18 ಜುಲೈ 2025

ಕಲಾ,

ನೀನು ಹೆಡ್‌ಮಿಸ್ಟ್ರೆಸ್ ಅಂತ ನನಗೂ ಪಾಠ ಹೇಳಬೇಡ. ಸಾವಿರ ಮೈಲಿ ಆಚೆ ಕೂತು ಬರೆಯುವುದು ಸುಲಭ. ಇಲ್ಲಿ ಅರವತ್ತು ಮನೆಯವರನ್ನು ಸಂಭಾಳಿಸಬೇಕಾದವನು ನಾನು.

ನಿನ್ನ ಕಾಗದ ಬಂದ ಮೇಲೆ ಗೋಡೆಯ ಸಂದನ್ನು ಹುಡುಕಿಸಿದೆ. ಜನರೇಟರ್ ರೂಮಿನ ಹಿಂದೆ ಇತ್ತು, ಮಗು ನುಸುಳುವಷ್ಟು. ಸಿಮೆಂಟ್ ಶೀಟ್ ಹೊಡೆಸಿ ಮುಚ್ಚಿಸಿದ್ದೇನೆ. ಚಿನ್ಮಯಿ ಅತ್ತಳು. ಇರಲಿ, ಎರಡು ದಿನ ಅತ್ತು ಮರೆಯುತ್ತಾಳೆ.

ಮುಚ್ಚಿಸಿದ್ದೇ ಒಳ್ಳೆಯದಾಯಿತು. ಶೆಡ್ಡುಗಳಲ್ಲಿ ಎಂಥದೋ ಗಂಟಲುನೋವು, ಜ್ವರ ಶುರುವಾಗಿದೆ. ಮೇಸ್ತ್ರಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಹಂಚುತ್ತಾನಂತೆ. ಒಂದು ಹುಡುಗಿಯ ಕತ್ತು ಎರಡೂ ಕಡೆ ಊದಿ ಗೂಳಿಯ ಕತ್ತಿನ ಹಾಗಾಗಿದೆ ಎಂದು ವಾಚ್‌ಮನ್ ಹೇಳಿದ. ಮಂಗನಬಾವು ಇರಬೇಕೆಂದು ಇಲ್ಲಿನವರ ಅಂದಾಜು. ನರ್ಸಮ್ಮ ಮತ್ತೆ ಬಂದು ಗೇಟಿನಲ್ಲಿ ನಿಂತರು.

"ಸಾರ್, ಒರೇ ಒರು ಮಧ್ಯಾಹ್ನಂ ಕುಡುಂಗ ಸಾರ್."

ಒಂದೇ ಒಂದು ಮಧ್ಯಾಹ್ನ ಸಾಕಂತೆ. ಈ ಗಲಾಟೆಯಲ್ಲಿ ಹೇಗೆ ಕೊಡಲಿ? ಆ ಮಕ್ಕಳೆಲ್ಲ ನಮ್ಮ ಹಾಲಿಗೆ ಬಂದು ಕೆಮ್ಮಿದರೆ ನಮ್ಮ ಮಕ್ಕಳ ಗತಿ? "ಮುಂದಿನ ವಾರ ನೋಡೋಣಮ್ಮ" ಅಂದು ಕಳಿಸಿದೆ. ನಮ್ಮಲ್ಲಿ ಪ್ರತಿ ಮನೆಗೂ ಅವರವರ ಡಾಕ್ಟರ್ ಇದ್ದಾರೆ, ಇನ್ಶೂರೆನ್ಸ್ ಇದೆ. ನೀನು ಚಿಂತೆ ಮಾಡಬೇಡ.

ಚಿನ್ಮಯಿ ಇವತ್ತು ಸ್ಕೂಲಿಗೆ ಹೋಗಲಿಲ್ಲ. ಮೈ ಸ್ವಲ್ಪ ಬಿಸಿ, ಸ್ವರ ಒಡೆದಿದೆ. ಅವಳಪ್ಪ ಅಜಯ್ ನಿನ್ನೆ ಐಸ್‌ಕ್ರೀಂ ಕೊಡಿಸಿದ್ದನಂತೆ, ಅದರ ಫಲ.

ರಾಮದಾಸ


ಸುರಪುರ
22 ಜುಲೈ 2025

ಅಣ್ಣ,

ಕಾಗದ ಈಗತಾನೇ ಕೈಗೆ ಬಂತು. ಫೋನ್ ಮಾಡುತ್ತಲೇ ಇದ್ದೇನೆ, ನಿನ್ನದೂ ಎತ್ತುತ್ತಿಲ್ಲ, ಅಜಯ್‌ದೂ ಎತ್ತುತ್ತಿಲ್ಲ. ಇಬ್ಬರಿಗೂ ಮೆಸೇಜ್ ಹಾಕಿದ್ದೇನೆ. ಆದರೂ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ಕತ್ತು ಹಾಗೆ ಊದುವುದು ಮಂಗನಬಾವಲ್ಲ. ತಾಂಡಾದ ಮಕ್ಕಳಿಗೂ ಹಾಗೇ ಆಗಿತ್ತು. ಆ ನರ್ಸಮ್ಮನನ್ನು ಕೂಡಲೇ ಕರೆಸು, ಶೆಡ್ಡಿನ ವಿಷಯ ಹೇಳು. ಚಿನ್ಮಯಿಯ ಬಾಯಿ ಅಗಲಿಸಿ ಬೆಳಕಿನಲ್ಲಿ ಗಂಟಲು ನೋಡು. ಬಿಳಿಯೋ ಬೂದೋ ಏನಾದರೂ ಅಂಟಿಕೊಂಡಿದ್ದರೆ ಕೆರೆಯಲು ಹೋಗಬೇಡಿ, ನೇರ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅದರ ಔಷಧ ಸಿಗುವುದು ಅಲ್ಲೇ.

ಅವಳಿಗೆ ಲಸಿಕೆ ಎಲ್ಲ ಆಗಿದೆ ತಾನೇ?

ಕಲಾ


ಚೆನ್ನೈ
8 ಆಗಸ್ಟ್ 2025

ಕಲಾ,

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಅಜಯ್ ಫೋನಿನಲ್ಲಿ ಹೇಳಿದ್ದಷ್ಟೇ ನಿನಗೆ ಗೊತ್ತು. ನನಗೆ ಫೋನಿನಲ್ಲಿ ಮಾತಾಡುವ ಧೈರ್ಯ ಬರಲಿಲ್ಲ.

ಮೊದಲು ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಟಾನ್ಸಿಲ್ ಅಂದರು. ಎಸಿ ರೂಮು ಕೊಟ್ಟರು, ಡ್ರಿಪ್ ಹಾಕಿದರು. ಆ ಡಾಕ್ಟರಿಗೆ ಸಣ್ಣ ವಯಸ್ಸು, ಈ ಕಾಯಿಲೆಯನ್ನು ಪುಸ್ತಕದಲ್ಲಿ ಬಿಟ್ಟು ಎಲ್ಲೂ ನೋಡಿರಲಿಕ್ಕಿಲ್ಲ. ಎರಡು ದಿನ ಅಲ್ಲೇ ಕಳೆದುಹೋಯಿತು. ಮಗುವಿನ ಕತ್ತು ಊದಿತು. ಉಸಿರೆಳೆದಾಗ ಮರ ಕೊಯ್ದ ಹಾಗೆ ಶಬ್ದ. ನನ್ನ ಕಿವಿಗೇ ಅದು ಕೇಳಿಸುತ್ತಿತ್ತು ಅಂದರೆ ನೀನೇ ಯೋಚಿಸು. ಅಜಯ್ ಫೋನಿನಲ್ಲಿ ನಿನ್ನ ಮೆಸೇಜನ್ನು ಮಧುರಾ ಆಗ ನೋಡಿದಳು. ಟಾರ್ಚ್ ಬಿಟ್ಟು ಗಂಟಲು ನೋಡಿದಳು, ನೀನು ಹೇಳಿದ್ದ ಬೂದು ಪೊರೆಯೇ ಇತ್ತು.

ಆ ಔಷಧ ಇಂಥ ಆಸ್ಪತ್ರೆಗಳಲ್ಲಿ ಇರುವುದಿಲ್ಲ ಎಂದು ಅವರೇ ಹೇಳಿದರು. ಅಜಯ್ ಊರಿನ ದೊಡ್ಡ ಖಾಸಗಿ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದ. ಎಷ್ಟಾದರೂ ಕೊಡುತ್ತೇನೆ ಎಂದ. ಇಲ್ಲದ್ದನ್ನು ಯಾರು ಮಾರುತ್ತಾರೆ? ಕೊನೆಗೆ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಬಂದೆವು. ಯಾರೂ ನಮ್ಮ ಹೆಸರು, ವಿಳಾಸ, ಕಾರ್ಡು ಕೇಳುತ್ತಾ ನಿಲ್ಲಲಿಲ್ಲ. ಮೊದಲು ಮಗುವನ್ನು ಒಳಗೆ ತೆಗೆದುಕೊಂಡರು. ರೋಗದ ವಿಷ ಮುರಿಯುವ ಸೀರಂ ಕೊಟ್ಟರು, ಕತ್ತಿನಲ್ಲಿ ತೂತು ಮಾಡಿ ಉಸಿರಿಗೆ ಕೊಳವೆ ಇಟ್ಟರು.

ಈಗ ಕೊಳವೆ ತೆಗೆದಿದ್ದಾರೆ. ಬದುಕಿದ್ದಾಳೆ. ಆದರೆ ವಿಷ ಹೃದಯಕ್ಕೆ ಇಳಿದಿರಬಹುದಂತೆ. ಇನ್ನೂ ಕೆಲವು ವಾರ ಹೇಳಲು ಬರುವುದಿಲ್ಲವಂತೆ. ಮಲಗಿದಲ್ಲಿಂದ ಏಳಿಸಬಾರದು, ಅಳಿಸಬಾರದು.

ನೀನು ಲಸಿಕೆಯ ವಿಷಯ ಕೇಳಿದ್ದೆ. ಕೂಸಾಗಿದ್ದಾಗ ಹಾಕಿಸಿದ್ದೆವು. ಒಂದೂವರೆ ವರ್ಷದ್ದು ಕೊರೋನಾ ಹೊತ್ತಿನಲ್ಲಿ ತಪ್ಪಿತು, ಆಸ್ಪತ್ರೆಗೆ ಕಾಲಿಡಲು ಭಯ. ಐದು ವರ್ಷದ್ದನ್ನು ಜ್ವರ ಬರುತ್ತದೆ, ರಜದಲ್ಲಿ ನೋಡೋಣ ಅಂದುಕೊಂಡು ಬಿಟ್ಟರು. ನಮ್ಮ ಮನೆಯಲ್ಲೇ.

ನರ್ಸಮ್ಮ ತಮಿಳರಸಿ ಮನೆಗೆ ಬಂದು ನಮಗೆಲ್ಲ ಮಾತ್ರೆ ಕೊಟ್ಟರು, ಮೂಗು ಗಂಟಲಿನಿಂದ ಹತ್ತಿಯಲ್ಲಿ ಪರೀಕ್ಷೆಗೆ ತೆಗೆದುಕೊಂಡರು, ಅರವತ್ತು ಮನೆಯನ್ನೂ ಹತ್ತಿ ಇಳಿದರು. ಮಗು ಯಾರ ಜೊತೆ ಆಡುತ್ತಿತ್ತು ಎಂದು ಕೇಳಿದರು. ಸ್ಕೂಲಿನ ಮಕ್ಕಳು ಅಂದೆ.

ಶೆಡ್ಡುಗಳು ಈಗ ಖಾಲಿ. ಮೇಸ್ತ್ರಿ ಎಲ್ಲರನ್ನೂ ಊರಿಗೆ ಕಳಿಸಿದನಂತೆ. ನಿನ್ನ ಕಾಂತಪ್ಪನವರು ಬಂದು ಸೇರಿದರೇ?

ರಾಮದಾಸ


ಸುರಪುರ
13 ಆಗಸ್ಟ್ 2025

ಅಣ್ಣ,

ಚಿನ್ಮಯಿ ಉಸಿರಾಡುತ್ತಿದ್ದಾಳೆ ಎಂಬುದೊಂದೇ ಸಾಲನ್ನು ಎಷ್ಟು ಸಲ ಓದಿದೆನೋ.

ಕಾಂತಪ್ಪನ ಮನೆಯವರು ಇನ್ನೂ ಊರಿಗೆ ಬಂದಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಎಲ್ಲ ಹೇಳಿದ್ದೇನೆ. ಚೆನ್ನೈನಿಂದ ಯಾರು ವಾಪಸ್ಸು ಬಂದಿದ್ದಾರೆಂದು ಆಶಾ ಕಾರ್ಯಕರ್ತೆಯರು ಕೇಳಿಕೊಂಡು ತಿರುಗುತ್ತಿದ್ದಾರೆ. ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಶುರುವಾಗಿದೆ. ಆದರೆ ಆ ಶೆಡ್ಡುಗಳಲ್ಲಿ ಎಲ್ಲೆಲ್ಲಿಯವರು ಇದ್ದರು, ಯಾವ ಯಾವ ಊರಿಗೆ ಹೋದರು ಎಂದು ಇಲ್ಲಿ ಕೂತು ನಮಗೆ ತಿಳಿಯುವುದಿಲ್ಲ.

ಎರಡು ಪ್ರಶ್ನೆ ಕೇಳುತ್ತೇನೆ, ಕೋಪ ಮಾಡಿಕೊಳ್ಳದೆ ಉತ್ತರ ಬರೆ. ಅವರು ಅಲ್ಲಿಂದ ಹೊರಟದ್ದು ಯಾವತ್ತು? ಕೆಲಸ ಇನ್ನೂ ಮುಗಿಯದೆ ಅವರನ್ನು ಕಳಿಸಿದ್ದು ಯಾಕೆ?

ಹೆಚ್ಚು ಬರೆಯಲು ಆಗುತ್ತಿಲ್ಲ.

ಕಲಾ


ಚೆನ್ನೈ
20 ಆಗಸ್ಟ್ 2025

ಕಲಾ,

ನಿನ್ನ ಕಾಗದ ಚಿಕ್ಕದಾಗಿತ್ತು. ನೀನು ಹಾಗೆ ಬರೆಯುವವಳಲ್ಲ. ನಿನಗೆ ಏನೋ ಗೊತ್ತಾಗಿದೆ ಅಂದುಕೊಂಡೆ.

ಕಳಿಸಿದ್ದು ಮೇಸ್ತ್ರಿಯಲ್ಲ. ನಾನು. ಹಾಲ್ ಕೊಡುವುದು ಬೇಡ ಎಂದು ಮೊದಲು ಬಾಯಿ ತೆಗೆದವನೂ ನಾನೇ, ಕಮಿಟಿ ಆಮೇಲೆ ತಲೆಯಾಡಿಸಿತು. ಜ್ವರದ ಸುದ್ದಿ ಬಂದ ಮೇಲೆ ಬಿಲ್ಡರಿಗೆ ಬರೆದೆ. ಕಾಯಿಲೆಯವರನ್ನು ಇಟ್ಟುಕೊಂಡರೆ ಕಾರ್ಪೊರೇಷನ್ನಿಗೆ ಹೇಳಿ ಕೆಲಸ ನಿಲ್ಲಿಸುತ್ತೇವೆ, ಶೆಡ್ಡು ಖಾಲಿ ಮಾಡಿಸಿ ಅಂದೆ. ಕಾರ್ಪೊರೇಷನ್ನಿಗೆ ತಿಳಿದರೆ ಔಷಧ ಬರುತ್ತಿತ್ತು. ನಾನು ಅದನ್ನೇ ಬೆದರಿಕೆಯಾಗಿ ಮಾಡಿದೆ. ಜುಲೈ ಇಪ್ಪತ್ತರ ಸಂಜೆ ಮೇಸ್ತ್ರಿ ಎಲ್ಲರನ್ನೂ ಮಿನಿಲಾರಿಗೆ ಹತ್ತಿಸಿ ಸೆಂಟ್ರಲ್ ಸ್ಟೇಷನ್ನಿಗೆ ಕಳಿಸಿದ.

ಬಾಲ್ಕನಿಯಿಂದ ನೋಡುತ್ತಿದ್ದೆ. ಒಬ್ಬ ಹೆಂಗಸು ದೊಡ್ಡ ಹುಡುಗಿಯನ್ನು ಹೆಗಲ ಮೇಲೆ ಹೊತ್ತಿದ್ದಳು. ಹುಡುಗಿಯ ಕತ್ತಿಗೆ ಟವೆಲ್ ಸುತ್ತಿತ್ತು, ಕಾಲು ನೇತಾಡುತ್ತಿದ್ದವು. ಅವಳು ಯಾರೆಂದು ನನಗೆ ತಿಳಿಯಬಾರದು ಅಂತ ನಾನು ಒಳಗೆ ಹೋದೆ. ಒಳಗೆ ಚಿನ್ಮಯಿಗೆ ಜ್ವರ ಏರುತ್ತಿತ್ತು.

ಮರುದಿನ ತಮಿಳರಸಿ ಇನ್ನಿಬ್ಬರನ್ನು ಕರೆದುಕೊಂಡು ಔಷಧದ ಪೆಟ್ಟಿಗೆ ಸಮೇತ ಬಂದರು. ಹಾಲ್ ಸಿಗುವ ಆಸೆ ಬಿಟ್ಟು ಕೊಡೆ ಹಿಡಿದು ಶೆಡ್ಡಿನ ಮುಂದೆಯೇ ಲಸಿಕೆ ಹಾಕಲು ಬಂದಿದ್ದರು. ಖಾಲಿ ತಗಡು. "ಎಂಗೇ ಪೋನಾಂಗ ಸಾರ್?" ಎಂದು ನನ್ನನ್ನು ಕೇಳಿದರು. ಎಲ್ಲಿ ಹೋದರೋ ಗೊತ್ತಿಲ್ಲ ಅಂದೆ.

ನಿನ್ನ ಪ್ರಶ್ನೆ ಓದಿದ ಮೇಲೆ ಕಾರ್ಪೊರೇಷನ್ನಿನ ಆರೋಗ್ಯ ಕೇಂದ್ರ ಹುಡುಕಿಕೊಂಡು ಹೋದೆ. ಇಷ್ಟು ವರ್ಷದಲ್ಲಿ ಅದು ಎಲ್ಲಿದೆ ಎಂದೂ ನನಗೆ ತಿಳಿದಿರಲಿಲ್ಲ. ತಮಿಳರಸಿಗೆ ಎಲ್ಲ ಹೇಳಿದೆ. ಬೈದಿದ್ದರೆ ಒಳ್ಳೆಯದಿತ್ತು. ರಿಜಿಸ್ಟರ್ ತೆಗೆದು, "ಯಾವ ಊರಿನವರು ಸಾರ್, ಅದನ್ನು ಹೇಳಿ" ಅಂದರು. ಇಬ್ಬರೂ ಮೇಸ್ತ್ರಿಯ ಹತ್ತಿರ ಹೋದೆವು. ಮೊದಲು ಬಾಯಿ ಬಿಡಲಿಲ್ಲ. ಅವನ ಇನ್ನೊಂದು ಸೈಟು ವಡಪಳನಿಯಲ್ಲಿದೆ, ಅಲ್ಲಿ ಎರಡು ಸಂಸಾರ ಉಳಿದಿದ್ದವು, ನಮ್ಮ ಕಡೆಯವರೇ. ಅವರಿಗೆ ತಮಿಳು ಬಾರದು, ತಮಿಳರಸಿಗೆ ಕನ್ನಡ ಬಾರದು. ನಡುವೆ ಕೂತು ನಾನು ಹೇಳಿದೆ. ಅವರಿಂದ ಎಲ್ಲರ ಊರು ತಿಳಿಯಿತು. ನಿಮ್ಮ ಜಿಲ್ಲೆಗೆ, ರಾಯಚೂರಿಗೆ, ಕರ್ನೂಲಿಗೆ, ಒಡಿಶಾಕ್ಕೆ ಇಲ್ಲಿಂದ ಸುದ್ದಿ ಹೋಗಿದೆ.

ನಾನು ಇಡೀ ಜೀವಮಾನ ಒಬ್ಬೊಬ್ಬರಿಗೆ ಬೇರೆ ಬೇರೆ ಪಾಲಿಸಿ ಮಾರಿದವನು. ಈ ರೋಗಕ್ಕೆ ಬೇರೆ ಬೇರೆ ಎಂಬುದೇ ಇಲ್ಲ ಕಲಾ.

ನಿಂಗಮ್ಮ ಹೇಗಿದ್ದಾಳೆ?

ರಾಮದಾಸ


ಸುರಪುರ
30 ಆಗಸ್ಟ್ 2025

ಅಣ್ಣ,

ನಿಂಗಮ್ಮ ಇಲ್ಲ. ಕಳೆದ ಕಾಗದ ಬರೆದ ದಿನವೇ ನನಗೆ ಗೊತ್ತಿತ್ತು. ಆ ಬೆಳಿಗ್ಗೆ ಕಾಂತಪ್ಪನ ಅಣ್ಣ ಶಾಲೆಗೆ ಬಂದು ಹೇಳಿ ಹೋಗಿದ್ದ. ಚಿನ್ಮಯಿಯ ಹೃದಯದ ಮೇಲೆ ಡಾಕ್ಟರು ಕಣ್ಣಿಟ್ಟು ಕೂತಿದ್ದಾಗ ಇದನ್ನು ಬರೆಯಲು ನನ್ನ ಕೈ ಬರಲಿಲ್ಲ. ಈಗ ಅಪಾಯ ಕಳೆಯಿತೆಂದು ಅಜಯ್ ಹೇಳಿದ, ಅದಕ್ಕೇ ಬರೆಯುತ್ತಿದ್ದೇನೆ.

ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಗುಂತಕಲ್ ದಾಟುವಾಗ ಹುಡುಗಿಗೆ ನೀರು ಕೂಡ ಇಳಿಯಲಿಲ್ಲ. ಯಾದಗಿರಿವರೆಗೆ ಬರಲಾರಳೆಂದು ರಾಯಚೂರಿನಲ್ಲೇ ಇಳಿದು, ಹೊಳೆಯ ಕಡೆ ಒಂದು ಹಳ್ಳಿಯಲ್ಲಿದ್ದ ಕಾಂತಪ್ಪನ ತಂಗಿಯ ಮನೆಗೆ ಹೋದರು. ಅಲ್ಲೊಬ್ಬ ಸೂಜಿ ಚುಚ್ಚುವವ ಗ್ಲೂಕೋಸ್ ಹಾಕಿದ. ಮರುದಿನ ಬೆಳಿಗ್ಗೆ ಹೋದಳು. ಮಾರಿ ಹೊತ್ತು ತಂದರು ಅಂತ ಊರವರು ಎಲ್ಲಿ ಓಡಿಸುತ್ತಾರೋ ಎಂದು ಯಾರಿಗೂ ಹೇಳದೆ ಮಣ್ಣು ಮಾಡಿ, ಬಾಯಿ ಮುಚ್ಚಿಕೊಂಡು ಅಲ್ಲೇ ಉಳಿದರು. ಒಮ್ಮೆ ಓಡಿಸಿಕೊಂಡಿದ್ದರಲ್ಲ.

ಸುದ್ದಿ ಕೇಳಿದ ಕೂಡಲೇ ನಾನು ನಮ್ಮ ಡಾಕ್ಟರಿಗೆ ಹೇಳಿದೆ, ಅವರು ರಾಯಚೂರಿಗೆ ಫೋನ್ ಮಾಡಿದರು. ಅಲ್ಲಿನ ಸಿಸ್ಟರು ಆ ಮನೆಗೆ ಹೋದಾಗ ಮಾನಪ್ಪನಿಗೆ ಜ್ವರ ಬಂದು ಗಂಟಲಲ್ಲಿ ಬಿಳಿ ಕಾಣುತ್ತಿತ್ತು. ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಹಾಕಿಕೊಂಡು ಹೋದರು, ಸೀರಂ ಸಿಕ್ಕಿತು. ಉಳಿದ. ಆ ಹಳ್ಳಿಯಲ್ಲಿ ಇನ್ನೂ ಮೂರು ಮಕ್ಕಳಿಗೆ ಅಂಟಿತ್ತು, ಮೂವರೂ ಆಸ್ಪತ್ರೆಯಲ್ಲಿದ್ದಾರೆ. ನೀನೂ ನರ್ಸಮ್ಮನೂ ಹೇಳಿಕೊಟ್ಟ ಊರುಗಳಿಂದ ಹುಡುಕಿದ್ದರಲ್ಲಿ ಶೆಡ್ಡಿನ ಹೆಚ್ಚಿನವರು ಸಿಕ್ಕಿದರು. ಇಬ್ಬರು ಮಕ್ಕಳಿಗೆ ಕಾಯಿಲೆ ಏಳುವ ಮೊದಲೇ ಔಷಧ ಬಿತ್ತು. ಎಲ್ಲರೂ ಸಿಕ್ಕಿಲ್ಲ.

ಮಾನಪ್ಪನನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಭೀಮಾಬಾಯಿ ಊರಿಗೆ ಬಂದಳು. ನಾನು ಹೋದೆ. ಅಂಗಳದಲ್ಲಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಅಳಲಿಲ್ಲ.

"ಟೀಚರ್ ರೀ, ಅಲ್ಲಿ ಗ್ವಾಡಿ ಆಕಡಿ ಒಂದ್ ಸಣ್ಣ ಹುಡುಗಿ ಇತ್ತು. ನಮ್ ನಿಂಗಿ ಕೂಡ ಆಡ್ತಿತ್ತು. ನಿಂಗಿ ನೀರ್ ಕುಡ್ದ ಗಿಲಾಸದಾಗೇ ಕುಡೀತಿತ್ತು, ಬ್ಯಾಡಂದ್ರ ಕೇಳ್ತಿದ್ದಿಲ್ಲ. ಅದಕ್ಕೇನ್ ಆಗಿಲ್ಲಲ್ರೀ?"

ಅದು ನನ್ನ ಅಣ್ಣನ ಮೊಮ್ಮಗಳು, ಬದುಕಿದ್ದಾಳೆ ಅಂದೆ.

"ಛಲೋ ಆತು ಬಿಡ್ರಿ," ಅಂದಳು. ಆಮೇಲೆ ಕೇಳಿದಳು, "ನಮ್ಮನ್ ಯಾಕ ಹಂಗ ಕಳಿಸಿದ್ರು ರೀ? ಆ ಸಿಸ್ಟರಮ್ಮ ನಾಳಿ ಬರ್ತೀನಿ ಅಂತ ಕೈ ಮಾಡಿ ತೋರ್ಸಿ ಹೋಗಿದ್ಳು. ಒಂದ್ ದಿನ ಇದ್ದಿದ್ರ?"

ನನಗೆ ಉತ್ತರ ಗೊತ್ತಿತ್ತು. ನಿನ್ನ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಶಾಲೆಗೆ ಹೊತ್ತಾಯಿತು ಎಂದು ಎದ್ದು ಬಂದೆ.

ನೀನು ನನ್ನ ಅಣ್ಣ. ಅವಳಿಗೆ ಏನು ಹೇಳಲಿ, ನೀನೇ ಬರೆ.

ಕಲಾವತಿ


ಗಿಂಡಿ
14 ಸೆಪ್ಟೆಂಬರ್ 2025

ಕಲಾ,

ನೀನು ಏನೂ ಹೇಳಬೇಡ. ದಸರಾ ರಜಕ್ಕೆ ನಾನೇ ಬರುತ್ತೇನೆ. ಅವಳ ಮುಂದೆ ಕೂತು ನಾನೇ ಹೇಳುತ್ತೇನೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಸುಮ್ಮನಿದ್ದುಬಿಟ್ಟರೆ ಏನು ಮಾಡಲಿ ಎಂಬುದೇ ನನ್ನ ಭಯ.

ಚಿನ್ಮಯಿ ಮನೆಗೆ ಬಂದಿದ್ದಾಳೆ. ಮಾತು ಮೂಗಿನಲ್ಲಿ ಬರುತ್ತದೆ, ನೀರು ಕುಡಿದರೆ ಕೆಲವು ಸಲ ಮೂಗಿನಿಂದ ಹೊರಗೆ ಬರುತ್ತದೆ. ನಿಧಾನವಾಗಿ ಸರಿಹೋಗುತ್ತದಂತೆ. "ತಾತಾ, ನಿಂಗಿ ಎಪ್ಪೋ ವರುವಾ?" ಅಂತ ದಿನವೂ ಕೇಳುತ್ತಾಳೆ. ಯಾವಾಗ ಬರುತ್ತಾಳೆ ಎಂದರೆ ಏನು ಹೇಳಲಿ? ಊರಿಗೆ ಹೋಗಿದ್ದಾಳೆ ಅಂದಿದ್ದೇನೆ.

ಅಸೋಸಿಯೇಷನ್ ಮೀಟಿಂಗಿನಲ್ಲಿ ನಡೆದದ್ದನ್ನೆಲ್ಲ ನಿಂತು ಹೇಳಿದೆ. ಹಾಲನ್ನು ತಿಂಗಳಿಗೊಂದು ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೆ ಬಿಟ್ಟುಕೊಡೋಣ ಅಂದೆ. ಯಾರೂ ಮುಖ ನೋಡಲಿಲ್ಲ. "ಸಾರ್, ನಿಮಗೆ ಮನಸ್ಸಿಗೆ ಕಷ್ಟವಾಗಿದೆ, ರೆಸ್ಟ್ ತೊಗೊಳ್ಳಿ" ಅಂದರು. ಈಗ ಸೆಕ್ರೆಟರಿ ಬೇರೆಯವರು. ಹಾಲಿಗೆ ಫಿನಾಯಿಲ್ ಹಾಕಿ ತೊಳೆಸಿ ಬೀಗ ಹಾಕಿದ್ದಾರೆ. ಅಲ್ಲಿಗೆ ಯಾವ ರೋಗಿಯೂ ಬಂದಿರಲೇ ಇಲ್ಲ, ಆದರೂ ತೊಳೆಸಿದರು.

ಶೆಡ್ಡುಗಳಿಗೆ ಹೊಸಬರು ಬಂದಿದ್ದಾರೆ. ಬಿಹಾರದವರು, ಬಂಗಾಳದವರು, ಒಟ್ಟಿನಲ್ಲಿ ಹಿಂದಿನವರಿಗಿಂತ ಹೆಚ್ಚು ಮಕ್ಕಳು. ನಮ್ಮದು ಮೊದಲನೆಯ ಮಹಡಿ ತಾನೇ, ನಮ್ಮ ಮನೆಯ ಮುಂದಿನ ರೂಮಿನಲ್ಲೇ ಮಾಡಿ ಅಂತ ತಮಿಳರಸಿಗೆ ಹೇಳಿದೆ. ಮಧುರಾ ಏನನ್ನುತ್ತಾಳೋ ಎಂದಿದ್ದೆ. ಅವಳೇ ಸೋಫಾ ಎಳೆದು ಗೋಡೆಗೆ ಒತ್ತಿ, ಚಾಪೆ ಹಾಸಿದಳು. ಆದರೆ ಹೊಸ ಸೆಕ್ರೆಟರಿ ಗೇಟಿನಲ್ಲಿ ತಡೆದರು. ಐದೋ ಆರೋ ಮಕ್ಕಳು ಬಂದರು, ಉಳಿದವರು ಗದ್ದಲ ನೋಡಿ ಹೆದರಿ ತಿರುಗಿ ಹೋದರು. ತಮಿಳರಸಿ ಆ ಮೇಲೆ ಶೆಡ್ಡುಗಳಿಗೇ ಹೋದರು. ಕತ್ತಲಾಗುವವರೆಗೂ ಇದ್ದರು. "ಬಂದವರ ಯೋಚನೆ ಇಲ್ಲ ಸಾರ್, ಬಾಗಿಲ ಹಿಂದೆ ನಿಂತು ನೋಡ್ತಿದ್ದಾರಲ್ಲ, ಅವರದ್ದೇ ಯೋಚನೆ" ಅಂದರು.

ನಿನ್ನೆಯಿಂದ ಗೋಡೆಯ ಆ ಕಡೆ ಒಂದು ಮಗು ಕೆಮ್ಮುತ್ತಿದೆಯಂತೆ. ನನಗೆ ಕೇಳಿಸುವುದಿಲ್ಲ. ಮಧುರಾ ಹೇಳುತ್ತಾಳೆ, ಬರೀ ನೆಗಡಿ ಇರಬಹುದು ಅನ್ನುತ್ತಾಳೆ, ಆದರೂ ಮತ್ತೆ ಮತ್ತೆ ಬಾಲ್ಕನಿಗೆ ಹೋಗಿ ನಿಲ್ಲುತ್ತಾಳೆ. ತಮಿಳರಸಿಗೆ ಫೋನ್ ಮಾಡಿದ್ದಾಳೆ, ಬರುತ್ತೇನೆ ಎಂದಿದ್ದಾರೆ. ಈ ಸಲ ಅವರು ಬರುವವರೆಗೆ ಯಾರನ್ನೂ ಲಾರಿ ಹತ್ತಿಸಲು ಬಿಡಬಾರದೆಂದು ನಾನು ಸೈಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಇದನ್ನು ಅಲ್ಲೇ ಬರೆಯುತ್ತಿರುವುದು.

ಭೀಮಾಬಾಯಿಗೆ ನಾನು ಬರುತ್ತೇನೆಂದು ಮಾತ್ರ ಹೇಳಿರು.

ರಾಮದಾಸ


ಸುರಪುರ
28 ಸೆಪ್ಟೆಂಬರ್ 2025

ಅಣ್ಣ,

ಟಿಕೆಟ್ ತೆಗೆದಿದ್ದರೆ ರದ್ದು ಮಾಡು. ಬರಬೇಡ ಎಂದಲ್ಲ. ಬಂದರೆ ಅವರಿಲ್ಲ.

ರಜ ಇದ್ದರೂ ಸಮೀಕ್ಷೆಯ ಕೆಲಸವೆಂದು ನಮ್ಮನ್ನೆಲ್ಲ ಮನೆ ಮನೆಗೆ ಕಳಿಸಿದ್ದಾರೆ. ಮೊನ್ನೆ ಆ ಓಣಿಗೆ ಹೋದೆ. ಕಾಂತಪ್ಪನ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಹೇಳಿದಳು, "ಹ್ವಾದ್ರವ್ವಾ. ಕುಂತ್ರ ಹೊಟ್ಟಿ ಕೇಳ್ತದೇನು? ಕೂಸಿನ್ ಕಟಗೊಂಡು ನಸಿಕಿನ್ಯಾಗ ಹ್ವಾದ್ರು." ಅಷ್ಟು ನಸುಕಿನಲ್ಲಿ ಯಾವ ಊರಿಗೆ ಎಂದು ಕೇಳಿದೆ. ಅವಳಿಗೆ ಗೊತ್ತಿಲ್ಲ. ಕಾಂತಪ್ಪನ ಅಣ್ಣ ಪುಣೆ ಇರಬಹುದು ಎಂದ, ಅವನ ಹೆಂಡತಿ ಹೈದರಾಬಾದು ಎಂದಳು. ಫೋನ್ ಹೋಗುತ್ತಿಲ್ಲ.

ನಿನ್ನ ಕಾಗದ ನನಗೆ ಸಿಕ್ಕಿದ್ದು ಅವರು ಹೊರಟ ಮೇಲೆ. ನೀನು ಬರುತ್ತೀಯೆಂದು ಹೇಳಲು ಆಗಲಿಲ್ಲ. ಭೀಮಾಬಾಯಿ ಕೇಳಿದ್ದಕ್ಕೆ ಇಲ್ಲಿಯವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ನಮ್ಮ ಡಾಕ್ಟರು ಎರಡೂ ಊರಿನ ಆರೋಗ್ಯ ಇಲಾಖೆಗೆ ತಿಳಿಸಿದ್ದಾರೆ. ಹೊಸ ಸೈಟುಗಳಲ್ಲಿ ವಿಚಾರಿಸುತ್ತೇವೆ ಅಂದಿದ್ದಾರಂತೆ. ಅಂಥ ಊರುಗಳಲ್ಲಿ ಎಷ್ಟು ಸೈಟುಗಳು, ಎಷ್ಟು ಶೆಡ್ಡುಗಳು ಎಂದು ನಾನು ಕೇಳಲಿಲ್ಲ.

ಕಾಯಿಲೆ ಬಂದು ಹೋದರೂ ಮತ್ತೆ ಬಾರದೆಂಬ ಭರವಸೆ ಇಲ್ಲವಂತೆ, ಲಸಿಕೆ ಪೂರ್ತಿ ಆಗಲೇಬೇಕು. ಮಾನಪ್ಪನಿಗೆ ಇಲ್ಲಿ ಒಂದು ಸೂಜಿ ಆಗಿದೆ. ಮುಂದಿನದು ದಸರಾ ಕಳೆದ ಮೇಲೆ. ಅದು ಯಾವ ಊರಿನಲ್ಲಿ ಆಗಬೇಕೋ, ಅಲ್ಲಿ ಅವನ ಶೆಡ್ಡಿನ ಪಕ್ಕದ ಗೋಡೆಯ ಈ ಕಡೆ ಯಾರಿದ್ದಾರೋ.

ಕಲಾವತಿ